ದಡಾರ ಎಲ್ಲಿಂದ ಬಂತು

ನನ್ನ ಮಗಳ ಲಸಿಕೆ ಕಾರ್ಡಿನಲ್ಲಿ ದಡಾರದ ಸಾಲಿನ ಮುಂದೆ ಇರುವ ತಾರೀಕು ನನ್ನ ಕೈಬರಹದ್ದು. ನರ್ಸಮ್ಮ ಬರೆದದ್ದಲ್ಲ. ಮಗಳಿಗೆ ಒಂಬತ್ತು ತಿಂಗಳು ತುಂಬಿದ ವಾರ ನೆಗಡಿಯಾಗಿತ್ತು. ವಾಸಿಯಾದ ಮೇಲೆ ಹಾಕಿಸೋಣ ಎಂದುಕೊಂಡೆ. ಅಷ್ಟರಲ್ಲಿ ನನಗೆ ಮಾಗಡಿಯಿಂದ ಚನ್ನಪಟ್ಟಣಕ್ಕೆ ವರ್ಗವಾಯಿತು. ಬಾಡಿಗೆ ಮನೆ ಹುಡುಕುವುದು, ಸಾಮಾನು ಸಾಗಿಸುವುದು, ಹೊಸ ಶಾಲೆಗೆ ಹೊಂದಿಕೊಳ್ಳುವುದು, ಇದರಲ್ಲೇ ಲಸಿಕೆ ಹಾಕುವ ಗುರುವಾರಗಳು ಒಂದರ ಹಿಂದೊಂದು ಕಳೆದವು. ಮರೆತೆ ಎಂದು ಹೇಳಲಾರೆ. ನೆನಪಾದಾಗಲೆಲ್ಲ ಮುಂದಿನ ವಾರ ಎನ್ನುತ್ತಿದ್ದೆ. ಮಗಳನ್ನು ನರ್ಸರಿಗೆ ಸೇರಿಸುವಾಗ ಶಾಲೆಯವರು ಕಾರ್ಡಿನ ಜೆರಾಕ್ಸ್ ಕೇಳಿದರು. ಖಾಲಿ ಉಳಿದಿದ್ದ ಆ ಒಂದು ಸಾಲಿನಲ್ಲಿ ನೀಲಿ ಪೆನ್ನಿನಿಂದ ತಾರೀಕು ಬರೆದು, ಪಕ್ಕದಲ್ಲಿ ಯಾರಿಗೂ ಓದಲಾಗದಂಥ ಒಂದು ಸಹಿ ಗೀಚಿ, ಜೆರಾಕ್ಸ್ ಅಂಗಡಿಗೆ ಹೋದೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಲಸಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಹೀಗಾಗಿ ತಿಳಿಯದೆ ಮಾಡಿದೆ ಎಂಬ ಮಾತು ನನಗೆ ಸಲ್ಲುವುದಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮ ತಾಯಿ ಬೇಗ ತೀರಿಕೊಂಡದ್ದರಿಂದ ನನಗೆ ಜಡೆ ಹಾಕಿದವಳು, ಬಡಿದು ಬುದ್ಧಿ ಹೇಳಿದವಳು, ಕಾಲೇಜಿನ ಅರ್ಜಿಗೆ ಅಪ್ಪನನ್ನು ಕಾಡಿ ಸಹಿ ಹಾಕಿಸಿದವಳು ಅವಳೇ. ತಾನು ಮಾತ್ರ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದಳು. ಅವಳನ್ನು ಸಾತನೂರಿನಿಂದ ಒಳಗಿರುವ ಒಂದು ಹಳ್ಳಿಗೆ ಕೊಟ್ಟರು. ಮಳೆ ನಂಬಿದ ರಾಗಿ ಹೊಲ, ಬೋರಿನ ನೀರಿಗೆ ಒಂದಿಷ್ಟು ಹಿಪ್ಪುನೇರಳೆ, ಎರಡು ಸೀಮೆಹಸು, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಶೀಟಿನ ಕಟ್ಟಡ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ನನ್ನ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಅಕ್ಕನಿಗೆ ಒಬ್ಬ ಮಗ ಹುಟ್ಟಿದ.

ಆ ಮಗುವಿಗೆ ಏಳು ತಿಂಗಳು ನಡೆಯುತ್ತಿದ್ದಾಗ ರಾಮನಗರದಲ್ಲಿ ನಮಗೆ ಮೂರು ದಿನದ ತರಬೇತಿ ಬಂತು. ಅದರಲ್ಲಿ ಮಾದರಿ ಪಾಠ ಮಾಡಿ ತೋರಿಸಲು ನನ್ನನ್ನು ಆರಿಸಿದ್ದರು. ಜಿಲ್ಲೆಯ ಅಧಿಕಾರಿಗಳು ಬಂದು ಕೂರುತ್ತಾರೆ ಎಂಬ ಮಾತಿತ್ತು. ನಾನು ಹದಿನೈದು ದಿನದಿಂದ ಅದಕ್ಕೇ ತಯಾರಾಗುತ್ತಿದ್ದೆ, ಒಂದು ಹೊಸ ಸೀರೆಯನ್ನೂ ತೆಗೆದಿರಿಸಿದ್ದೆ. ಯಜಮಾನರು ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದರು. ತರಬೇತಿಗೆ ಎರಡು ದಿನ ಮುಂಚೆ ಮಗಳಿಗೆ ಜ್ವರ ಬಂತು. ಮೂಗು ಸೋರುತ್ತಿತ್ತು, ಒಣ ಕೆಮ್ಮು, ಕಣ್ಣು ಕೆಂಪು. ಅವಳ ಶಾಲೆಯ ಡೈರಿಯಲ್ಲಿ ಹಿಂದಿನ ವಾರ ಒಂದು ಚೀಟಿ ಅಂಟಿಸಿ ಕಳಿಸಿದ್ದರು: ತರಗತಿಯ ಇಬ್ಬರು ಮಕ್ಕಳಿಗೆ ದಡಾರ ಕಾಣಿಸಿಕೊಂಡಿದೆ, ಜ್ವರ ಇರುವವರನ್ನು ಕಳುಹಿಸಬೇಡಿ. ಅದರ ಕೆಳಗೆ ಓದಿದ್ದೇನೆ ಎಂದು ಸಹಿ ಹಾಕಿದವಳೂ ನಾನೇ.

ಮೊದಲ ದಿನ ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟೆ. ಸಾತನೂರಿನಲ್ಲಿ ಇಳಿದಾಗ ಮೈ ಸುಡುತ್ತಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಜ್ವರದ ಸಿರಪ್ ಕುಡಿಸಿದೆ. ಬೆವರು ಬಿಟ್ಟು ಮೈ ತಣ್ಣಗಾಗುವವರೆಗೆ ಅಲ್ಲೇ ಅರ್ಧ ಗಂಟೆ ಕಾದೆ. ಆಮೇಲೆ ಮುಖ ಒರೆಸಿ, ಪೌಡರ್ ಹಾಕಿ, ಆಟೋ ಹತ್ತಿಸಿದೆ.

ಅಕ್ಕ ಹುಳುಮನೆಯಲ್ಲಿದ್ದಳು. ನಾನು ಬಾಗಿಲಿಗೆ ಹೋದರೆ ಒಳಗಿನಿಂದಲೇ ಕೈ ಅಡ್ಡ ಹಿಡಿದಳು. "ಅಲ್ಲೇ ನಿಂತ್ಕೊ ಕಣೇ. ಹುಳ ನಾಕ್ನೇ ಜ್ವರಕ್ಕೆ ಕೂತವೆ." ಹುಳು ಮೇವು ಬಿಟ್ಟು ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹಿಂದಿನ ಬೆಳೆ ಹಾಲುತೊಂಡೆ ರೋಗ ಬಂದು ಪೂರ್ತಿ ಹೋಗಿತ್ತು. ಅದೂ ವೈರಸ್ಸಿನದೇ ರೋಗ. ಅಂದಿನಿಂದ ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರು ಇಟ್ಟಿದ್ದಳು. ಅದರಲ್ಲಿ ಕಾಲು ಅದ್ದದೆ ಭಾವನನ್ನೂ ಒಳಗೆ ಬಿಡುತ್ತಿರಲಿಲ್ಲ. ಅಂಥ ಅಕ್ಕ ಹೊರಗೆ ಬಂದು, ಕೈ ತೊಳೆದುಕೊಂಡು, ನನ್ನ ಮಗಳನ್ನು ಎತ್ತಿ ಮುತ್ತಿಟ್ಟು ನೇರ ತೊಟ್ಟಿಲ ಹತ್ತಿರಕ್ಕೆ ಕರೆದೊಯ್ದಳು.

"ಕಣ್ಯಾಕೆ ಕೆಂಪಗವೆ ಮಗೀಗೆ?" ಎಂದು ಕೇಳಿದಳು.

"ಬಸ್ಸಿನ ಧೂಳಕ್ಕ. ಒಸಿ ನೆಗಡಿ ಅಷ್ಟೆ," ಎಂದೆ.

ಮಗಳು ತೊಟ್ಟಿಲಿಗೆ ಬಗ್ಗಿ ಮಗುವಿನ ಕೆನ್ನೆ ಹಿಂಡಿದಳು, ಕೆಮ್ಮಿದಳು. ನಾನು ನೋಡಿದೆ. ಒಂಬತ್ತೂವರೆಗೆ ನೋಂದಣಿ ಎಂದು ಗಡಿಯಾರವನ್ನೂ ನೋಡಿದೆ.

ಪಾಠ ಚೆನ್ನಾಗಿ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶನಿವಾರ ಸಂಜೆ ಹೋಗಿ ಮಗಳನ್ನು ಕರೆತಂದೆ. ಭಾನುವಾರ ಬೆಳಿಗ್ಗೆ ಅವಳ ಕಿವಿಯ ಹಿಂದೆ ಕೆಂಪು ಗುಳ್ಳೆ ಎದ್ದವು, ಸಂಜೆಗೆ ಮುಖ, ಎದೆ, ಬೆನ್ನು ತುಂಬಿಕೊಂಡವು. ನೋಡಿದ ಕೂಡಲೇ ಗೊತ್ತಾಯಿತು. ಆಗಲೇ ಅಕ್ಕನಿಗೆ ಫೋನು ಮಾಡಿ ಹೇಳಬಹುದಿತ್ತು. ಮಗುವಿಗೆ ದಡಾರ ಸೋಂಕಿದ ಕೂಡಲೇ ತಿಳಿಸಿದರೆ, ಅದು ಏಳದಂತೆ ಡಾಕ್ಟರು ಮಾಡುವ ಕೆಲವು ಉಪಾಯಗಳಿವೆ ಎಂದು ಆಮೇಲೆ ಓದಿದೆ. ನಾನು ಫೋನು ಮಾಡಲಿಲ್ಲ. ಶಾಲೆಗೆ, ಮಗಳು ನೆಂಟರ ಮನೆಗೆ ಹೋಗಿದ್ದಾಳೆ ಎಂದು ಹೇಳಿ, ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಬಾಗಿಲು ಹಾಕಿಕೊಂಡು ಆರೈಕೆ ಮಾಡಿದೆ. ಅವಳು ಹುಷಾರಾದಳು.

ಹತ್ತು ಹನ್ನೊಂದು ದಿನಕ್ಕೆ ಅಕ್ಕನ ಫೋನು ಬಂತು. ಮಗುವಿಗೆ ಮೈಯೆಲ್ಲ ಅಮ್ಮ ಆಗಿದೆ, ಹಾಲು ಕುಡಿಯುತ್ತಿಲ್ಲ, ಕಣ್ಣೇ ಬಿಡುತ್ತಿಲ್ಲ ಎಂದು ಅಳುತ್ತಿದ್ದಳು. ನಾನು ಅಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅಯ್ಯೋ, ಎಲ್ಲಿಂದ ಬಂತಕ್ಕ?"

"ಯಾರ್ ಕಂಡವ್ರು. ಹೋದ್ವಾರ ಸಂತೇಗೆ ಎತ್ಕೊಂಡೋಗಿದ್ದೆ. ಆ ಜನದೊಳಗೆ ಯಾಕಾದ್ರೂ ಎತ್ಕೊಂಡೋದ್ನೋ," ಎಂದಳು.

ಹೌದು, ಸಂತೆಯಲ್ಲೇ ಇರಬೇಕು ಎಂದೆ.

ಮಗು ಎರಡು ವಾರ ನರಳಿ ಚೇತರಿಸಿಕೊಂಡ. ಒಂಬತ್ತು ತಿಂಗಳು ತುಂಬಿದ ಗುರುವಾರವೇ ಅಕ್ಕ ಅವನಿಗೆ ಲಸಿಕೆ ಹಾಕಿಸಿದಳು. ಒಂದು ವಾರವೂ ತಪ್ಪಿಸಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಮೊದಮೊದಲು ಅವನನ್ನು ಎತ್ತಿಕೊಂಡಾಗ ಎದೆ ಚುರ್ ಎನ್ನುತ್ತಿತ್ತು. ಆಮೇಲಾಮೇಲೆ ಅದೂ ನಿಂತಿತು.

ಅವನು ಚೂಟಿಯಾಗಿ ಬೆಳೆದ. ಸಾತನೂರಿನ ಬಸ್ಸುಗಳನ್ನೆಲ್ಲ ಹಾರ್ನಿನ ಸದ್ದಿನಲ್ಲೇ ಗುರುತಿಸಿ, ಇದು ಕನಕಪುರದ್ದು, ಇದು ಹಲಗೂರಿನದು ಎಂದು ಜಗುಲಿಯಿಂದ ಕೂಗುತ್ತಿದ್ದ. ಕಂಡಕ್ಟರ್ ಆಗುತ್ತೇನೆ ಎಂದು ಹಳೆಯ ಟಿಕೆಟುಗಳ ಕಟ್ಟು ಇಟ್ಟುಕೊಂಡು, ನಮ್ಮನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಕೂರಿಸಿ ಹರಿದುಕೊಡುತ್ತಿದ್ದ. ಹುಳುಗಳಿಗೆ ಸೊಪ್ಪು ಹಾಕುವುದರಲ್ಲಿ ಅಕ್ಕನಿಗಿಂತ ಅವನ ಕೈಯೇ ಹಗುರ ಎಂದು ಭಾವ ಹೊಗಳುತ್ತಿದ್ದರು.

ಅವನಿಗೆ ಹತ್ತು ತುಂಬುವ ಬೇಸಿಗೆಯಲ್ಲಿ ಅಕ್ಕ ಅವನನ್ನು ಒಂದು ತಿಂಗಳ ಮಟ್ಟಿಗೆ ನನ್ನ ಹತ್ತಿರ ಬಿಟ್ಟಳು. ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾನೆ, ಮೇಷ್ಟ್ರು ದೂರು ಹೇಳ್ತಾರೆ, ನೀನೇ ಸರಿಮಾಡು ಎಂದಳು. ಕುಳಿತು ನೋಡಿದರೆ ಲೆಕ್ಕವೊಂದೇ ಅಲ್ಲ, ಅಕ್ಷರವೂ ಹಾಳಾಗಿತ್ತು. ಹಿಂದಿನ ವರ್ಷ ಮುತ್ತಿನ ಹಾಗೆ ಬರೆಯುತ್ತಿದ್ದವನು ಈಗ ಗೆರೆಯಿಂದ ಕೆಳಗೆ ಜಾರುತ್ತಿದ್ದ. ನಿನ್ನೆ ಹೇಳಿಕೊಟ್ಟ ಮಗ್ಗಿ ಇವತ್ತು ಬರುತ್ತಿರಲಿಲ್ಲ. ಪೆನ್ಸಿಲ್ ಕೈಯಿಂದ ಬೀಳುತ್ತಿತ್ತು, ಎತ್ತಿಕೊಟ್ಟರೆ ಮತ್ತೆ ಬೀಳುತ್ತಿತ್ತು. ಬೇಕೆಂದೇ ಮಾಡುತ್ತಾನೆ ಎಂದು ನನಗೆ ಸಿಟ್ಟು. ಒಂದು ಬೆಳಿಗ್ಗೆ ಹಾಲಿನ ಲೋಟ ಪುಸ್ತಕದ ಮೇಲೆಯೇ ಉರುಳಿಸಿದ. ಸ್ಕೇಲು ತೆಗೆದುಕೊಂಡು ಗೆಣ್ಣಿನ ಮೇಲೆ ಎರಡು ಬಾರಿಸಿದೆ.

ಅವನು ಅಳಲಿಲ್ಲ. ತನ್ನ ಕೈಯನ್ನೇ ನೋಡುತ್ತ, "ನಾನ್ ಬುಟ್ಟಿಲ್ಲ ಚಿಕ್ಕಮ್ಮ. ಕೈ ತಾನಾಗೇ ಬುಟ್ಬುಡ್ತದೆ," ಎಂದ.

ನೆಪ ಹೇಳಬೇಡ ಎಂದು ಗದರಿ, ಹಾಲು ಒರೆಸಲು ಬಟ್ಟೆ ಅವನ ಕೈಗೇ ಕೊಟ್ಟೆ. ಅವನು ಒರೆಸಿದ. ಅದೂ ಒಂದೆರಡು ಸಲ ಕೈಯಿಂದ ಜಾರಿತು.

ಶಾಲೆ ಶುರುವಾದ ಮೇಲೆ ತಲೆ ತೂಗುವುದು ಕಾಣಿಸಿತು. ಕೂತಲ್ಲೇ ಯಾರೋ ಹಿಂದಿನಿಂದ ತಟ್ಟಿದ ಹಾಗೆ ಮೈ ಒಮ್ಮೆ ಬೆಚ್ಚಿ, ತಲೆ ಮುಂದಕ್ಕೆ ಬೀಳುತ್ತಿತ್ತು. ಕೆಲವು ಗಳಿಗೆ ಬಿಟ್ಟು ಮತ್ತೆ. ಪ್ರಾರ್ಥನೆಗೆ ನಿಂತಾಗ ಎರಡು ಸಲ ಮುಗ್ಗರಿಸಿದ. ಕನಕಪುರದ ಡಾಕ್ಟರು ಫಿಟ್ಸಿನ ಮಾತ್ರೆ ಕೊಟ್ಟರು, ತಿಂಗಳಾದರೂ ತಗ್ಗದಿದ್ದಾಗ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ, ಭಾವ ಬರುವಂತಿರಲಿಲ್ಲ. ಓದಿದವಳು ಜೊತೆಗಿರಲಿ ಎಂದು ಅಕ್ಕ ನನ್ನನ್ನು ಕರೆದಳು.

ಅಲ್ಲಿ ತಲೆಗೆ ತಂತಿ ಅಂಟಿಸಿ ಇಇಜಿ ತೆಗೆದರು, ಬೆನ್ನಿನಿಂದ ನೀರು ತೆಗೆದರು. ನಾಲ್ಕನೇ ದಿನ ನಮ್ಮನ್ನು ಒಳಗೆ ಕರೆದದ್ದು ಮೂವತ್ತೈದು ದಾಟಿರದ ಒಬ್ಬ ಡಾಕ್ಟರಮ್ಮ. ಮೊದಲು ಕೇಳಿದ ಪ್ರಶ್ನೆಯೇ ಅದು: ಮಗು ಚಿಕ್ಕದಿದ್ದಾಗ ದಡಾರ ಆಗಿತ್ತಾ?

"ಏಳ್ ತಿಂಗ್ಳಿಗೇ ಆಗಿತ್ತು ಮೇಡಂ," ಎಂದಳು ಅಕ್ಕ. "ವಾಸಿಯಾಯ್ತಲ್ಲ, ಅದ್ಯಾಕೆ?"

ಆ ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ದಡಾರ ಮೈಮೇಲಿಂದ ಹೋದರೂ ಕೆಲವೇ ಕೆಲವು ಮಕ್ಕಳಲ್ಲಿ ಅದರ ವೈರಸ್ ಮಿದುಳಿನಲ್ಲಿ ಉಳಿದುಬಿಡುತ್ತದೆ. ಎಳೆಗೂಸಿಗೆ ಬಂದರೆ ಆ ಅಪಾಯ ಹೆಚ್ಚು. ಎಂಟು ಹತ್ತು ವರ್ಷ ಏನೂ ಕಾಣಿಸುವುದಿಲ್ಲ, ಆಮೇಲೆ ಹೀಗೆ ಶುರುವಾಗುತ್ತದೆ. ಎಸ್‌ಎಸ್‌ಪಿಇ ಎಂದು ಹೆಸರು ಹೇಳಿದರು. ವಾಸಿಯಾಗುತ್ತದಾ ಎಂದು ಅಕ್ಕ ಕೇಳಿದಳು. ನಿಧಾನಿಸುವ ಔಷಧಗಳಿವೆ, ಕೆಲವರಿಗೆ ಹಿಡಿಯುತ್ತವೆ, ವಾಸಿ ಮಾಡುವ ಔಷಧ ಇನ್ನೂ ಇಲ್ಲ ಎಂದರು. ಅಕ್ಕನಿಗೆ ಕೊನೆಯ ಮಾತು ಅರ್ಥವಾಗಲಿಲ್ಲವೋ, ಅರ್ಥಮಾಡಿಕೊಳ್ಳಲು ಮನಸ್ಸಾಗಲಿಲ್ಲವೋ, ನನ್ನ ಕಡೆ ತಿರುಗಿದಳು. ನಾನು ನೆಲ ನೋಡುತ್ತಿದ್ದೆ.

ಅಕ್ಕ ಮಗನನ್ನು ಕರೆದುಕೊಂಡು ಹೊರಗೆ ಹೋದ ಮೇಲೆ ನಾನು ಒಬ್ಬಳೇ ಒಳಗೆ ಉಳಿದೆ. ವಿಜ್ಞಾನದ ಟೀಚರು ಎಂದು ಪರಿಚಯ ಹೇಳಿಕೊಂಡು, ಅಷ್ಟು ವರ್ಷ ಅದು ಹೇಗೆ ಅಡಗಿರುತ್ತದೆ ಎಂದು ಕೇಳಿದೆ. ಅವರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಈ ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಅಕ್ಷರ ತಪ್ಪು ಮಾಡುತ್ತದೆ, ತಿದ್ದಿಕೊಳ್ಳುವುದಿಲ್ಲ. ಮಿದುಳಿನೊಳಗೆ ವರ್ಷಗಟ್ಟಲೆ ತಪ್ಪಿನ ಮೇಲೆ ತಪ್ಪು ಸೇರುತ್ತ ಹೋಗುತ್ತದೆ. ಹೊದಿಕೆ ಕಟ್ಟಿಕೊಂಡು ಜೀವಕೋಶದಿಂದ ಹೊರಗೆ ಬರಲು ಬೇಕಾದ ಜೀನೇ ಕೆಡುತ್ತದೆ. ಹೊರಗೆ ಬಾರದ್ದರಿಂದ ಮೈಯ ಕಾವಲಿನವರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಜೀನಿನಲ್ಲಿ ಆದ ಬದಲಾವಣೆಯಿಂದ ಒಂದು ನರಕೋಶದಿಂದ ಪಕ್ಕದ್ದಕ್ಕೆ ಒಳಗೊಳಗೇ ದಾಟುವುದನ್ನು ಕಲಿಯುತ್ತದೆ. ಹತ್ತು ವರ್ಷದ ಮೇಲೆ ಅಲ್ಲಿರುವುದು ಅವತ್ತು ಬಂದ ವೈರಸ್ಸಿನಂತೆಯೇ ಇರುವುದಿಲ್ಲ.

ಆ ಕೊನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಮಗಳು ಕೊಟ್ಟದ್ದು ಒಂದು ಸಾಧಾರಣ ದಡಾರ, ಎರಡು ವಾರದಲ್ಲಿ ಹೋಗುವಂಥದ್ದು. ಕೆಟ್ಟದ್ದಾಗಿ ಬದಲಾದದ್ದು ಇವನ ತಲೆಯೊಳಗೆ. ಹಾಗಿದ್ದರೆ ಇದು ಬೇರೆಯೇ ವೈರಸ್ ಅಲ್ಲವೇ? ಇದನ್ನೇ ಸುತ್ತಿಬಳಸಿ ಕೇಳಿದೆ. ಒಂದು ಹೆಜ್ಜೆ ಮುಂದೆ ಹೋಗಿ, ಲಸಿಕೆಯೂ ಹಾಕಿಸಿದ್ದರಲ್ಲ, ಅದರಿಂದಲೂ ಆಗಿರಬಹುದಾ ಎಂದೆ. ನಾನು, ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆಯುವವಳು, ಹಾಗೆ ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. ಇಲ್ಲ ಎಂದರು. ಎಷ್ಟೇ ಬದಲಾಗಿದ್ದರೂ ಆ ಅಕ್ಷರಗಳಲ್ಲಿ ಮೂಲದ ಗುರುತು ಉಳಿದಿರುತ್ತದೆ, ಇಂಥ ಕಾಯಿಲೆಯವರ ಮಿದುಳಿನಲ್ಲಿ ಓದಿದಾಗ ಸಿಕ್ಕಿರುವುದು ಊರಿನಲ್ಲಿ ಹರಡಿದ ದಡಾರದ ವಂಶವೇ ಹೊರತು ಲಸಿಕೆಯದ್ದಲ್ಲ ಎಂದರು.

"ಯಾವ ಮಗುವಿನಿಂದ ಬಂತು ಅಂತಲೂ ಗೊತ್ತಾಗುತ್ತಾ?" ಎಂದು ಕೇಳಿದೆ.

"ಯಾವ ವಂಶ ಅಂತ ಗೊತ್ತಾಗಬಹುದು. ಯಾರು ತಂದರು ಅಂತ ಹೇಳೋಕಾಗಲ್ಲ."

ನನಗೆ ಉಸಿರು ಬಂತು. ಹೊರಗೆ ಬೆಂಚಿನ ಮೇಲೆ ಅಕ್ಕ ಮಗನ ತಲೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತಿದ್ದಾಳೆ, ಒಳಗೆ ನಾನು ಪತ್ತೆಯಾಗುವುದಿಲ್ಲ ಎಂದು ಸಮಾಧಾನ ಪಡುತ್ತಿದ್ದೇನೆ. ಇಷ್ಟೆಲ್ಲ ಮಾಡಿದ್ದೇನಲ್ಲ, ಇವುಗಳಲ್ಲಿ ಆ ಒಂದು ಉಸಿರನ್ನು ನೆನೆದರೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಆರು ತಿಂಗಳೊಳಗೆ ಅವನು ನಡೆಯುವುದು ನಿಂತಿತು. ಮಾತು ಒಂದೊಂದೇ ಪದವಾಗಿ ಕಮ್ಮಿಯಾಯಿತು. ಕೊನೆಗೆ ಉಳಿದದ್ದು ಅವ್ವ ಎನ್ನುವುದು, ಅದೂ ಹೋಯಿತು. ಮೂಗಿಗೆ ಕೊಳವೆ ಹಾಕಿ ರಾಗಿ ಗಂಜಿ ಬಿಡುವುದನ್ನು ಅಕ್ಕ ಕಲಿತಳು. ಹುಳು ಸಾಕುವುದನ್ನು ಅರ್ಧಕ್ಕೆ ಇಳಿಸಿದರು. ನಾನು ಎರಡು ವಾರಕ್ಕೊಮ್ಮೆ ಹಣ್ಣು ಹಿಡಿದುಕೊಂಡು ಹೋಗಿ ಕೂತು ಬರುತ್ತಿದ್ದೆ.

ಅಕ್ಕನ ಅತ್ತೆ ವಯಸ್ಸಾದವರು, ಮೊಮ್ಮಗನೆಂದರೆ ಪ್ರಾಣ. ಅವರಿಗೆ ಒಂದು ಕಾರಣ ಬೇಕಿತ್ತು. ದಡಾರ ಆಗಿ ಇಳಿದ ಮೈಗೆ ಎರಡು ತಿಂಗಳೊಳಗೆ ಸೂಜಿ ಹಾಕಿಸಿದ್ದೇ ಮಗುವಿನ ತಲೆಗೆ ಏರಿತು ಎಂದು ತೀರ್ಮಾನಿಸಿದರು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಹಾಕಿಸಿದವಳು ಅಕ್ಕ, ಹಾಗಾಗಿ ತಪ್ಪೂ ಅವಳದಾಯಿತು. ಅಕ್ಕ ಎದುರಾಡುತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತು, ಹಾಗಲ್ಲ ಅತ್ತೆಮ್ಮ, ಡಾಕ್ಟರು ಹೇಳಿದ್ದು ಬೇರೆ ಎಂದು ಮೆತ್ತಗೆ ಅಂದು ಸುಮ್ಮನಾಗುತ್ತಿದ್ದೆ. ಮುಂದೆ ಹೇಳಿದರೆ ದಡಾರ ಎಲ್ಲಿಂದ ಬಂತು ಎಂಬ ಮಾತು ಏಳುತ್ತದೆ ಎಂಬ ಭಯ.

ಆ ಮಾತು ಊರಲ್ಲಿ ಹರಡಿತು. ಅದೇ ಮನೆಯಲ್ಲಿ ಅಕ್ಕನ ವಾರಗಿತ್ತಿ, ಅಂದರೆ ಭಾವನ ತಮ್ಮನ ಹೆಂಡತಿ, ಹೆಣ್ಣುಮಗು ಹೆತ್ತಿದ್ದಳು. ಆ ಮಗುವಿಗೆ ಒಂಬತ್ತು ತಿಂಗಳು ತುಂಬಿತು. ಒಂದು ಬುಧವಾರ ನಾನು ಅಲ್ಲಿದ್ದಾಗ ಆಶಾ ಕಾರ್ಯಕರ್ತೆ ಬಂದು, ನಾಳೆ ಅಂಗನವಾಡಿಗೆ ಕರೆತನ್ನಿ ಎಂದರು. ವಾರಗಿತ್ತಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾ ಹಾಕ್ಸಕಿಲ್ಲ. ಒಳಗ್ ಮನ್ಗವ್ನಲ್ಲ, ಅವ್ನ್ ನೋಡೂ ಕೇಳ್ತೀಯಾ?"

ಆಶಾ ಬೇಸತ್ತಿದ್ದರು. ನಿಮ್ಮ ಮನೆ ನೋಡಿ ಇನ್ನೂ ಎರಡು ಮನೆಯವರು ಒಲ್ಲೆ ಅಂತಾರೆ, ಪಕ್ಕದ ಹಳ್ಳಿಯಲ್ಲಿ ಈಗ ದಡಾರ ಎದ್ದಿದೆ, ನಾನೇನು ಮಾಡಲಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೀವಾದರೂ ಹೇಳಿ ಟೀಚರೇ, ನೀವು ತಿಳಿದವರು ಎಂದರು.

ಆ ಹೆಣ್ಣುಮಗು ಸೆರಗಿನ ಸಂದಿಯಿಂದ ನನ್ನನ್ನು ನೋಡುತ್ತಿತ್ತು. ಧೈರ್ಯ ಬಂತು ಎಂದರೆ ಸುಳ್ಳು. ಇನ್ನೊಂದು ಕೂಸಿನ ಭಾರ ಹೊರುವಷ್ಟು ಜಾಗ ನನ್ನೊಳಗೆ ಉಳಿದಿರಲಿಲ್ಲ, ಅಷ್ಟೆ. ಸೂಜಿಯಿಂದ ಏನೂ ಆಗಿಲ್ಲ, ಏಳು ತಿಂಗಳಿಗೆ ಬಂದ ದಡಾರದಿಂದ ಆದದ್ದು ಎಂದೆ. ಆ ದಡಾರ ತಂದವಳು ನಾನು ಎಂದೆ. ಮಗಳಿಗೆ ಲಸಿಕೆ ಹಾಕಿಸದೆ ಕಾರ್ಡಿನಲ್ಲಿ ನಾನೇ ಬರೆದುಕೊಂಡದ್ದು, ಶಾಲೆಯ ಚೀಟಿ, ಸಾತನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕುಡಿಸಿದ ಸಿರಪ್, ಆ ಭಾನುವಾರ ಎದ್ದ ಗುಳ್ಳೆ, ಬಚ್ಚಿಟ್ಟದ್ದು, ಎಲ್ಲವನ್ನೂ ಜಗುಲಿಯ ಮೇಲೆ ನಿಂತು ಹೇಳಿದೆ. ಹೇಳುವಾಗ ನನ್ನ ದನಿ ತರಗತಿಯಲ್ಲಿ ಪಾಠ ಒಪ್ಪಿಸಿದ ಹಾಗೆ ಇತ್ತು ಎಂದು ನನಗೇ ಅನ್ನಿಸಿತು. ಅತ್ತೆಮ್ಮ ಬಾಯಿ ತೆರೆದುಕೊಂಡು ಕೂತಿದ್ದರು.

ಅಕ್ಕ ಒಳಗಿನ ಕೋಣೆಯಲ್ಲಿ ಮಗನ ಬಾಯಿ ಒರೆಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು.

"ಸಂತೇಗೆ ಎತ್ಕೊಂಡೋದ್ನಲ್ಲ ಅಂತ ಹತ್ತೊರ್ಸದಿಂದ ನನ್ನೇ ನಾನು ಬೈಕೊಂಡಿವ್ನಿ ಕಣೇ," ಎಂದಳು. "ನೀನು ಕೇಳ್ಸ್ಕಂಡು ಸುಮ್ನೆ ಇದ್ದೆ."

ನಾನು ಅವಳ ಕಾಲಿಗೆ ಬೀಳಲು ಹೋದೆ. ಅವಳು ಹಿಂದಕ್ಕೆ ಸರಿದಳು.

"ಇವತ್ ಯೋಳಿ ನೀನು ಅಗುರಾಗ್ಬುಟ್ಟೆ. ನಂಗೇನ್ ಸಿಕ್ತು? ಬಸ್ಸಿಗೆ ಹೊತ್ತಾಯ್ತು, ಹೋಗು."

ಹೋದೆ. ಮಾರನೇ ದಿನ ವಾರಗಿತ್ತಿ ಮಗುವನ್ನು ಅಂಗನವಾಡಿಗೆ ಕರೆದೊಯ್ದಳು ಎಂದು ಆಶಾ ಫೋನಿನಲ್ಲಿ ತಿಳಿಸಿದರು. ಉಳಿದ ಎರಡು ಮನೆಯಲ್ಲಿ ಒಂದು ಮನೆಯವರು ಬಂದರಂತೆ, ಇನ್ನೊಬ್ಬರು ಬರಲಿಲ್ಲವಂತೆ. ಆಶಾ ನನ್ನನ್ನು ಹೊಗಳುವಂಥ ಒಂದು ಮಾತು ಆಡಿದರು. ಅದು ಬೇಡವಾಗಿತ್ತು.

ನಾಲ್ಕು ತಿಂಗಳು ಅಕ್ಕ ನನ್ನ ಫೋನು ಎತ್ತಲಿಲ್ಲ. ಆ ದಿನಗಳಲ್ಲಿ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಡಾಕ್ಟರಮ್ಮ ಹೇಳಿದ್ದೇ ಇನ್ನಷ್ಟು ವಿವರವಾಗಿ ಇತ್ತು. ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಬಂತು. ನಕಲು ಮಾಡುವಾಗ ಆಗುವ ಸಣ್ಣ ವ್ಯತ್ಯಾಸಗಳಿಂದಲೇ ಜೀವಿಗಳಲ್ಲಿ ಇಷ್ಟೊಂದು ವೈವಿಧ್ಯ ಎಂಬ ಮಾತನ್ನು ನಾನು ಹಿಂದೆಲ್ಲ ಬಹಳ ಹುಮ್ಮಸ್ಸಿನಿಂದ ಹೇಳುತ್ತಿದ್ದೆ. ಈ ಸಲ ಒಬ್ಬ ಹುಡುಗಿ ಎದ್ದು, ಹಾಗಾದರೆ ಆ ತಪ್ಪು ಒಳ್ಳೆಯದಾ ಕೆಟ್ಟದ್ದಾ ಮಿಸ್ ಎಂದು ಕೇಳಿದಳು. ತಪ್ಪಿಗೆ ಅದು ಗೊತ್ತಿರುವುದಿಲ್ಲ ಕೂತ್ಕೊ ಎಂದೆ. ನನ್ನ ಮಟ್ಟಿಗೆ ಆ ಮಾತು ಸಲ್ಲುವುದಿಲ್ಲ ಎಂದು ಹೇಳುತ್ತಿರುವಾಗಲೇ ಹೊಳೆಯಿತು. ನನಗೆ ಗೊತ್ತಿತ್ತು.

ಮಗಳಿಗೆ ಹೇಗೆ ಹೇಳುವುದು ಎಂದು ದಿನ ದೂಡುತ್ತಿದ್ದೆ. ಜಗುಲಿಯ ಮೇಲೆ ಆಡಿದ ಮಾತು ಅಲ್ಲೇ ಉಳಿಯುತ್ತದೆಯೇ? ಭಾವನ ಕಡೆಯ ಹುಡುಗಿಯೊಬ್ಬಳು ಅವಳಿಗೆ ಹೇಳಿಬಿಟ್ಟಿದ್ದಳು. ಆಗ ಅವಳು ಪಿಯುಸಿಯಲ್ಲಿದ್ದಳು. ಸಂಜೆ ಕಾಲೇಜಿನಿಂದ ಬಂದವಳು ಚೀಲ ಇಳಿಸದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ನಂಗೆ ಜ್ವರ ಇದ್ದಿದ್ದು ನಿಂಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು."

"ದಡಾರ ಇರಬಹುದು ಅಂತಾನೂ ಗೊತ್ತಿತ್ತಾ?"

ಹೂಂ ಎಂದೆ. ನಿನ್ನ ತಪ್ಪೇನೂ ಇಲ್ಲ ಎಂದು ನಾನು ಹೇಳಹೊರಟರೆ, ಅದು ನಂಗೊತ್ತು ಎಂದು ಒಳಗೆ ಹೋದಳು. ಆ ಭಾನುವಾರ ಒಬ್ಬಳೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದಳು. ಸಂಜೆ ಬಂದಳು. ದೊಡ್ಡಮ್ಮ ಊಟಕ್ಕಿಟ್ಟಳು, ತಲೆಗೆ ಎಣ್ಣೆ ಹಾಕಿ ಜಡೆ ಹಾಕಿದಳು ಎಂದಷ್ಟೇ ಹೇಳಿದಳು. ಅಲ್ಲಿ ಇಬ್ಬರೂ ಏನು ಮಾತಾಡಿದರೋ ನಾನು ಕೇಳಿಲ್ಲ. ಆಮೇಲೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದಳು. ನನ್ನನ್ನು ಕರೆಯುತ್ತಿರಲಿಲ್ಲ.

ಒಂದು ದಿನ ಅಕ್ಕನೇ ಫೋನು ಮಾಡಿದಳು. ಗಂಜಿ ಬಿಡುವ ಸಿರಿಂಜು ಸಾತನೂರಿನಲ್ಲಿ ಸಿಗುತ್ತಿಲ್ಲ, ಚನ್ನಪಟ್ಟಣದಲ್ಲಿ ಸಿಕ್ಕರೆ ತಂದುಕೊಡು ಎಂದು ಹೇಳಿ ಇಟ್ಟುಬಿಟ್ಟಳು. ಮೂರು ಅಂಗಡಿ ಸುತ್ತಿ ಹುಡುಕಿ, ಆರು ಸಿರಿಂಜು ತೆಗೆದುಕೊಂಡು ಹೋದೆ. ಅವಳು ಈಸಿಕೊಂಡಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಹುಳುಮನೆಯ ಹಿಂದೆ ಬಿದ್ದಿದ್ದ ಅವನ ಬಟ್ಟೆಗಳನ್ನು ಒಗೆದು ಹಾಕಿ ಬಂದೆ. ಮುಂದಿನ ಶನಿವಾರವೂ ಹೋದೆ. ಈಗ ಪ್ರತಿ ಶನಿವಾರ ಶಾಲೆ ಮುಗಿಸಿ ಹೋಗಿ ಭಾನುವಾರ ಸಂಜೆ ಬರುತ್ತೇನೆ.

ಅವನಿಗೆ ಈಗ ಹದಿಮೂರು. ಒಂದು ಹಂತದವರೆಗೆ ಏರಿದ ಕಾಯಿಲೆ ಅಲ್ಲೇ ನಿಂತಿದೆ. ಎಷ್ಟು ದಿನ ಹೀಗೆ ಎಂದು ಡಾಕ್ಟರಿಗೂ ಗೊತ್ತಿಲ್ಲ. ಕಾಲು ಉದ್ದವಾಗಿವೆ, ಮೀಸೆ ಮೂಡುತ್ತಿದೆ. ಕಣ್ಣು ತೆರೆದಿರುತ್ತದೆ. ನೋಡುತ್ತಾನೋ ಇಲ್ಲವೋ ತಿಳಿಯದು. ಅಕ್ಕ ಮಾತ್ರ ಅವನೊಂದಿಗೆ ದಿನವಿಡೀ ಮಾತಾಡುತ್ತಾಳೆ.

ಹೋದ ತಿಂಗಳು ಅಕ್ಕನ ಅತ್ತೆಯ ತವರಿನ ಕಡೆಯ ಹೆಂಗಸೊಬ್ಬರು ನೋಡಲು ಬಂದಿದ್ದರು. ಹುಟ್ಟಿನಿಂದಲೇ ಹೀಗಾ ಎಂದು ಕೇಳಿದರು. ಅಕ್ಕ ಕೊಳವೆಗೆ ನೀರು ಬಿಡುತ್ತಿದ್ದಳು, ತಲೆ ಎತ್ತದೆ ನನ್ನ ಕಡೆ ಕೈ ತೋರಿಸಿದಳು.

"ಅವ್ಳು ಯೋಳ್ತಾಳೆ, ಕೇಳಿ."

ಇದು ಮೊದಲ ಸಲವೇನಲ್ಲ. ಹೊಸಬರು ಯಾರು ಬಂದು ಕೇಳಿದರೂ ಅಕ್ಕ ತಾನು ಹೇಳುವುದಿಲ್ಲ, ಅತ್ತೆಯೂ ಈಗ ಬಾಯಿ ಹಾಕುವುದಿಲ್ಲ. ನಾನು ಮೊದಲಿನಿಂದ ಹೇಳಿದೆ. ಆ ಹೆಂಗಸು ಕೇಳಿ ಮುಗಿಸಿ, ಕಾಫಿ ಲೋಟ ನೆಲಕ್ಕಿಟ್ಟು ಎದ್ದು ಹೊರಗೆ ಹೋದರು. ಅಕ್ಕ ಕೊಳವೆಯ ಬಾಯಿ ಮುಚ್ಚಿ, ಗೋಡೆಯ ಗಡಿಯಾರ ನೋಡಿದಳು. ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸಬೇಕು.

"ಕಾಲ್ ಕಡೆ ಹಿಡ್ಕೊ," ಎಂದಳು. ನಾನು ಹಿಡಿದುಕೊಂಡೆ. ಅವಳು ಭುಜ ಹಿಡಿದಳು. ಇಬ್ಬರೂ ಸೇರಿ ಅವನನ್ನು ಕಿಟಕಿಯ ಕಡೆಗೆ ತಿರುಗಿಸಿ ಮಲಗಿಸಿದೆವು.